ಬಾಣಂತನ ಮುಗಿಸಿ ಹೊರಟವಳಿಗೆ

ಹೋದ ವಾರ ತಪಾಸಣೆಗೆ ಬಂದ ಹುಡುಗಿಯ ಗುರುತು ನನಗೆ ಕೂಡಲೇ ಸಿಕ್ಕಿತು. ಅವಳ ಮಗಳು ಹುಟ್ಟಿದಾಗ ಒರೆಸಿ ಎದೆಯ ಮೇಲೆ ಮಲಗಿಸಿದವಳು ನಾನೇ. ಆ ಮಗುವಿಗೆ ಈಗ ಹದಿನಾಲ್ಕು ತಿಂಗಳು, ಅಜ್ಜಿಯ ಕಂಕುಳಲ್ಲಿತ್ತು. ಇವಳಿಗೆ ಆಗಲೇ ಎಂಟನೇ ತಿಂಗಳು. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 7.8, ರಕ್ತ ತೀರಾ ಕಡಿಮೆ.

"ಮುಟ್ಟೇ ಆಗಿರಲಿಲ್ಲ ಸಿಸ್ಟರ್. ಹಾಲು ಕುಡಿಸ್ತಿದ್ದೆ. ಹಿಂಗಾಗುತ್ತೆ ಅಂತ ಗೊತ್ತಿರಲಿಲ್ಲ."

ಹಾಲೂಡಿಸುವುದು ಗರ್ಭ ನಿಲ್ಲದಂತೆ ಕಾಯುತ್ತದೆ, ನಿಜ. ಆದರೆ ಮಗುವಿಗೆ ಆರು ತಿಂಗಳೊಳಗಿರಬೇಕು, ಹಗಲೂ ರಾತ್ರಿ ಎದೆಹಾಲು ಮಾತ್ರ ಕೊಡಬೇಕು, ಮುಟ್ಟು ಮರಳಿರಬಾರದು. ಇವರ ಮನೆಯಲ್ಲಿ ನಾಲ್ಕನೇ ತಿಂಗಳಿಗೇ ರಾಗಿ ಸರಿ ಶುರುವಾಗಿತ್ತು. ಮೊದಲ ಮುಟ್ಟಿಗೂ ಮುಂಚೆಯೇ ಅಂಡಾಣು ಬಿಡುಗಡೆಯಾಗಬಹುದು ಅನ್ನುವುದನ್ನು ಹೋದ ಸಲ ನಮ್ಮಲ್ಲಿ ಯಾರೂ ಅವಳಿಗೆ ಬಿಡಿಸಿ ಹೇಳಿರಲಿಲ್ಲ. ಹೆರಿಗೆಯಾಗಿ ಎರಡು ವರ್ಷವಾದರೂ ಕಳೆದ ಮೇಲೆ ಮತ್ತೆ ಗರ್ಭ ನಿಲ್ಲಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇವಳಿಗೆ ಸಿಕ್ಕಿದ್ದು ಆರು ತಿಂಗಳು.

ನನಗೆ ಕಾಣುವ ತೊಡಕು ಬಾಣಂತನದ ದಾರಿಯಲ್ಲೇ ಇದೆ. ಹೆರಿಗೆ ತವರಿನಲ್ಲಿ. ಗಂಡನ ಊರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಹೆಸರಿದೆ, ಆಳು ಊರಲ್ಲಿಲ್ಲ. ತವರೂರಿನ ಆಶಾ ಮಗುವನ್ನು ನೋಡಲು ನಲವತ್ತೆರಡನೇ ದಿನದವರೆಗೆ ಬರುತ್ತಾಳೆ. ಐದನೇ ತಿಂಗಳಲ್ಲಿ ತೊಟ್ಟಿಲು, ಸೀರೆ, ಮಡಿಲಕ್ಕಿ ಎಲ್ಲ ಕಟ್ಟಿ ಗಂಡನ ಮನೆಗೆ ಕಳಿಸುತ್ತಾರೆ. ಸಲಹೆ ಬೇಕಾಗುವುದೇ ಆ ದಿನ. ಆಗ ಅವಳು ಎರಡೂ ಊರಿನವರ ಕೈತಪ್ಪಿರುತ್ತಾಳೆ.

ಹೆರಿಗೆಯಾದ 48 ಗಂಟೆಯೊಳಗೆ ವಂಕಿ, ಅಂದರೆ ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ, ಹಾಕಬಹುದು, ಆಮೇಲಾದರೆ ಆರು ವಾರ ಕಾಯಬೇಕು. ಆದರೆ ನೋವಿನಲ್ಲಿ ನರಳುವವಳನ್ನು "ಹಾಕ್ಲಾ?" ಅಂತ ಕೇಳಿದರೆ ಅದು ಕೇಳಿದ ಹಾಗಲ್ಲ. ಅದಕ್ಕೇ ನಾನು ಏಳು, ಎಂಟನೇ ತಿಂಗಳಲ್ಲೇ ಮಾತು ತೆಗೆಯುತ್ತೇನೆ, ಜೊತೆಗೆ ಬಂದ ಹಿರಿಯರನ್ನೂ ಕೂರಿಸಿಕೊಂಡು. ಇವಳ ಅತ್ತೆಯ ಅಂಗೈಯಲ್ಲಿ ಕಾಪರ್-ಟಿ ಇಟ್ಟೆ. ಬೆರಳುದ್ದವೂ ಇಲ್ಲದ ಪ್ಲಾಸ್ಟಿಕ್ ಕಡ್ಡಿ, ಮೈಗೆ ಸುತ್ತಿದ ತಾಮ್ರದ ತಂತಿ, ಕೆಳಗೆ ಎರಡು ದಾರ. ಆಕೆ ತಿರುಗಿಸಿ ತಿರುಗಿಸಿ ನೋಡಿದರು. "ಇದು ಎದೆಗೆ ಏರುತ್ತೆ ಅಂದಿದ್ರಲ್ಲ?" ಏರಲ್ಲಮ್ಮ, ಗರ್ಭಕೋಶ ದಾಟಿ ಎದೆಗೆ ದಾರಿಯೇ ಇಲ್ಲ ಅಂದೆ.

1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತ್ತು. ಆ ನೆಲದಲ್ಲಿ ಇವತ್ತೂ ಒಬ್ಬ ಹುಡುಗಿ ಗೊತ್ತಿಲ್ಲದೆ ಬಸಿರಾಗುವುದು ನನಗೆ ಸಹಿಸಲಾಗದ ಸಂಕಟ.

ಎಲ್ಲ ಕೇಳಿಸಿಕೊಂಡು ಅವಳು ವಂಕಿ ಬೇಡ ಅಂದಳು. ಮೂರು ತಿಂಗಳಿಗೊಮ್ಮೆ ಕೊಡುವ 'ಅಂತರ' ಅನ್ನುವ ಗರ್ಭನಿರೋಧಕ ಚುಚ್ಚುಮದ್ದೂ ಬೇಡ. 'ಛಾಯಾ' ಅನ್ನುವ ಗರ್ಭನಿರೋಧಕ ಮಾತ್ರೆ ಸಾಕಂತೆ, ಹಾಲೂಡಿಸುವಾಗಲೂ ತಗೊಳ್ಳಬಹುದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ಒಂದು. ಯಾವ ದಿನ ಅಂತ ಅವಳೇ ಲೆಕ್ಕ ಹಾಕಿದಳು: ಸೋಮವಾರ ಈಶ್ವರನ ವಾರ, ಗುರುವಾರ ಗಂಡನ ಊರಿನ ಸಂತೆ, ಎರಡೂ ಮರೆಯಲ್ಲ.

ಕಾರ್ಡಿನ ಹಿಂಬದಿಗೆ ಕೆಂಪು ಪೆನ್ನಿನಲ್ಲಿ ಅದನ್ನೇ ಬರೆದು, ಕೆಳಗೆ ಎರಡೂ ಊರಿನ ಆಶಾ ಕಾರ್ಯಕರ್ತೆಯರ ಫೋನ್ ನಂಬರ್ ಬರೆದುಕೊಟ್ಟೆ.