ಒಂದು ಚದರಡಿಯ ಜಮೀನ್ದಾರ

ಹೋದ ವರ್ಷ ನನ್ನ ಹುಟ್ಟುಹಬ್ಬಕ್ಕೆ ಲಂಡನ್ನಿನ ನಮ್ಮ ಆಫೀಸಿನವರು ಒಂದು ಕವರ್ ಕೊಟ್ಟರು. ಒಳಗೆ ದಪ್ಪ ಹಾಳೆಯ ಸರ್ಟಿಫಿಕೇಟು, ಕೆಳಗೆ ಕೆಂಪು ಮುದ್ರೆ. ಸ್ಕಾಟ್ಲೆಂಡಿನ ಯಾವುದೋ ಗುಡ್ಡದಲ್ಲಿ ನನ್ನ ಹೆಸರಿಗೆ ಒಂದು ಚದರಡಿ ನೆಲ ಇದೆಯಂತೆ. ಹಾಗಾಗಿ ಇನ್ನು ಮೇಲೆ ನಾನು 'ಲೇರ್ಡ್' ಅಂತ ಕರೆಸಿಕೊಳ್ಳಬಹುದಂತೆ. ಎಲ್ಲರೂ ನಕ್ಕೆವು, ಕೇಕ್ ತಿಂದೆವು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಸುಮ್ನೆ ಇರಲಾರದೆ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಚಿಕ್ಕಪ್ಪ 'ನಮ್ಮ ವಂಶಕ್ಕೇ ಹೆಮ್ಮೆ' ಅಂತ ಬರೆದರು. ಅಪ್ಪ ಯಾರ್ಯಾರಿಗೋ ಫೋನ್ ಮಾಡಿ ಹೇಳಿದರು. ಇದೆಲ್ಲ ತಮಾಷೆ ಅಂತ ಹೇಳೋಕೆ ನನಗೆ ಎರಡು ದಿನ ಹಿಡಿಯಿತು. ನಿಜ ಹೇಳಬೇಕೆಂದರೆ, ಆ ಎರಡು ದಿನ ಚೆನ್ನಾಗಿತ್ತು.

ಲೇರ್ಡ್ ಅಂದರೆ ಸ್ಕಾಟ್ಲೆಂಡಿನಲ್ಲಿ ಜಮೀನಿನ ಯಜಮಾನ, ಅಷ್ಟೇ. ಲಾರ್ಡ್, ಸರ್ ಥರದ ಪದವಿ ಅಲ್ಲ. ಅದೂ ನೂರಾರು ಎಕರೆ ಇರೋರಿಗೆ ಊರಿನವರು ಕರೆಯೋ ಮಾತು. ನೆನಪಿಗೆ ಅಂತ ಮಾರುವ ಇಂಥ ಚೂರು ನೆಲವನ್ನು ಅಲ್ಲಿನ ಭೂನೋಂದಣಿ ಕಚೇರಿ ದಾಖಲು ಮಾಡಿಕೊಳ್ಳೋದೇ ಇಲ್ಲ. ಕಾನೂನೇ ಹಾಗಿದೆ. ಅಂದರೆ ನಾನು ಪಹಣಿಯೇ ಇಲ್ಲದ ಜಮೀನ್ದಾರ.

ಇದು ನಗುವ ವಿಷಯ. ನಗು ಬಾರದ್ದು ಆಮೇಲೆ ಆಗಿದ್ದು.

ಇಲ್ಲಿ ನಮ್ಮವರದೇ ಒಂದು ಕಾರ್ಯಕ್ರಮ. ವೇದಿಕೆ ಮೇಲೆ ಒಬ್ಬ ಹಿರಿಯರನ್ನು 'ಸರ್' ಅಂತ ಪರಿಚಯಿಸಿದರು. ನಮ್ಮಲ್ಲಿ ಮೇಷ್ಟ್ರಿಂದ ಕಂಡಕ್ಟರ್‌ವರೆಗೆ ಎಲ್ಲರೂ ಸಾರೇ. ಇಲ್ಲಿ ಹಾಗಲ್ಲ. ಹೆಸರಿಗೆ ಮೊದಲು ಸರ್ ಅಂತ ಬಂದರೆ ಅದು ಸಾಮಾನ್ಯವಾಗಿ ರಾಜರು ಕೊಟ್ಟ ನೈಟ್ ಪದವಿ. ಇವರಿಗೆ ಕೊಟ್ಟಿದ್ದು ರಾಜರಲ್ಲ, ಯಾವುದೋ ಸಂಘ. ನೂರಾರು ವರ್ಷ ಹಿಂದಿನ ಯೋಧರ ಪಂಥದ ವಾರಸುದಾರರು ನಾವೇ ಅಂತ ಹೇಳಿಕೊಳ್ಳುವ ಸಂಘ. ಬಿಳಿ ನಿಲುವಂಗಿ, ಎದೆ ಮೇಲೆ ಕೆಂಪು ಶಿಲುಬೆ, ಕೊರಳಲ್ಲಿ ಪದಕ.

ಟೀ ಕುಡಿಯುವಾಗ ಅವರು ನನ್ನ ಪಕ್ಕಕ್ಕೆ ಬಂದರು. 'ನೀವೂ ಸೇರ್ಕೊಳ್ಳಿ, ನಾನು ಶಿಫಾರಸು ಮಾಡ್ತೀನಿ' ಅಂದರು. ಪ್ರವೇಶ ಶುಲ್ಕ ಅಂತ ಒಂದು ಮೊತ್ತ ಹೇಳಿದರು. ನಮ್ಮ ಎರಡು ತಿಂಗಳ ಮನೆ ಬಾಡಿಗೆಗಿಂತ ಜಾಸ್ತಿ. ನಿಲುವಂಗಿಗೆ ಬೇರೆ.

ನಿಜವಾದದ್ದಕ್ಕೆ ಶುಲ್ಕವೇ ಇಲ್ಲ. ಹೊಸ ವರ್ಷಕ್ಕೊಮ್ಮೆ, ರಾಜರ ಹುಟ್ಟುಹಬ್ಬಕ್ಕೊಮ್ಮೆ ಪಟ್ಟಿ ಬರುತ್ತದೆ. ಯಾರು ಯಾರ ಹೆಸರನ್ನಾದರೂ ಸೂಚಿಸಬಹುದು. ಹಾಗಂತ ಅಲ್ಲೂ ಎಲ್ಲ ಶುದ್ಧವಾಗೇ ಇತ್ತು ಅಂತಲ್ಲ. ಲಾಯ್ಡ್ ಜಾರ್ಜ್ ಪ್ರಧಾನಿಯಾಗಿದ್ದಾಗ ನೈಟ್ ಪದವಿಗೆ ಸುಮಾರು 10,000 ಪೌಂಡ್ ರೇಟು ನಡೆಯುತ್ತಿತ್ತು. ಗಲಾಟೆ ಆಗಿ 1925ರಲ್ಲಿ ಕಾಯ್ದೆಯೇ ಬಂತು. ಮಾಂಡಿ ಗ್ರೆಗರಿ ಅನ್ನೋ ದಲ್ಲಾಳಿ 1933ರಲ್ಲಿ ಅದರಡಿ ಸಿಕ್ಕಿಬಿದ್ದು ಎರಡು ತಿಂಗಳು ಜೈಲಿಗೆ ಹೋದ.

ಆ ಹಿರಿಯರ ಮೇಲೆ ನನಗೆ ಸಿಟ್ಟಿಗಿಂತ ಮುಜುಗರ ಜಾಸ್ತಿ. ಅವರು ಮಾಡಿದ್ದನ್ನೇ ನಾನೂ ಎರಡು ದಿನ ಮಾಡಿದ್ದೆ, ಅಲ್ವಾ? ನನಗೆ ಬಿಟ್ಟಿ ಸಿಕ್ಕಿತ್ತು, ಅವರು ದುಡ್ಡು ಕೊಟ್ಟಿದ್ದರು.

ಸೇಂಟ್ ಪಾಲ್ಸ್ ಚರ್ಚಿನ ಹತ್ತಿರ ಪೋಸ್ಟ್‌ಮನ್ಸ್ ಪಾರ್ಕ್ ಅಂತ ಒಂದು ಪುಟ್ಟ ತೋಟ ಇದೆ. ಹಿಂದೆ ಪಕ್ಕದ ದೊಡ್ಡ ಅಂಚೆ ಕಚೇರಿಯವರು ಇಲ್ಲಿ ಬಂದು ಕೂರುತ್ತಿದ್ದರಂತೆ. ಈಗ ನಾನೂ ಊಟದ ಡಬ್ಬಿ ಹಿಡಿದು ಹೋಗುತ್ತೇನೆ. ಒಂದು ಕಡೆ ಮರದ ಮಾಡು, ಅದರ ಕೆಳಗೆ ಗೋಡೆ ತುಂಬ ಬಿಳಿ ಟೈಲ್ಸು. ಪ್ರತಿಯೊಂದರಲ್ಲೂ ಬೇರೆಯವರನ್ನು ಉಳಿಸೋಕೆ ಹೋಗಿ ಸತ್ತ ಮಾಮೂಲಿ ಜನರ ಹೆಸರು. ಜಾರ್ಜ್ ಫ್ರೆಡರಿಕ್ ವಾಟ್ಸ್ ಅನ್ನೋ ಚಿತ್ರಕಾರ 1900ರಲ್ಲಿ ಶುರು ಮಾಡಿದ್ದು. 120 ಫಲಕಕ್ಕೆ ಜಾಗ ಮಾಡಿದ್ದರು, ಇರೋದು 54.

ಆಲಿಸ್ ಏರ್ಸ್. ಗಾರೆ ಕೆಲಸದ ಕೂಲಿಯವನ ಮಗಳು. 1885ರಲ್ಲಿ ಉರಿಯುವ ಮನೆಯಿಂದ ಮೂರು ಮಕ್ಕಳನ್ನು ಉಳಿಸಿ ತಾನು ಸತ್ತಳು. ಥಾಮಸ್ ಗ್ರಿಫಿನ್. ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದಾಗ ಜೊತೆಗಾರನನ್ನು ಹುಡುಕೋಕೆ ಮತ್ತೆ ಒಳಗೆ ಹೋದವನು. ಒಬ್ಬರ ಹೆಸರಿಗೂ ಮೊದಲು ಸರ್ ಇಲ್ಲ, ಲೇಡಿ ಇಲ್ಲ. ಬದಲಿಗೆ ಹಲವರ ಹೆಸರಿನ ಜೊತೆ ಇರೋದು ಅವರವರ ಕೆಲಸ. ಅದೇ ನನಗೆ ತುಂಬ ಹಿಡಿಸಿದ್ದು.

ಇದನ್ನು ಕಟ್ಟಿಸಿದ ವಾಟ್ಸ್‌ಗೂ 'ಸರ್' ಆಗುವ ಅವಕಾಶ ಇತ್ತು. ಬ್ಯಾರನೆಟ್ ಪದವಿ, ಅಂದರೆ ವಂಶಪಾರಂಪರ್ಯವಾಗಿ ಬರುವ 'ಸರ್', ಎರಡು ಸಲ ಬಾಗಿಲಿಗೆ ಬಂದಿತ್ತು. ಎರಡೂ ಸಲ ಬೇಡ ಅಂದ. ಟೈಲ್ಸ್‌ಗಳ ನಡುವೆ ಅವನದೊಂದು ಗೊಂಬೆಯಷ್ಟು ಚಿಕ್ಕ ಮರದ ಮೂರ್ತಿ ಇದೆ. ಹುಡುಕಿದರೆ ಕಾಣುತ್ತದೆ.

ಇನ್ನೊಂದು ಫಲಕದ ಮುಂದೆ ನಾನು ಊಟ ಬಿಟ್ಟು ನಿಂತುಬಿಟ್ಟೆ. ಸಾಲಮನ್ ಗ್ಯಾಲಮನ್, 11 ವರ್ಷ. 1901ರಲ್ಲಿ ರಸ್ತೆಯಲ್ಲಿ ಗಾಡಿಗೆ ಸಿಗಲಿದ್ದ ತಮ್ಮನನ್ನು ಎಳೆದುಕೊಂಡು ತಾನು ಪೆಟ್ಟು ತಿಂದ. ಅವನ ಮಾತನ್ನೂ ಬರೆದಿದ್ದಾರೆ: 'ಅಮ್ಮಾ, ಅವನನ್ನು ಉಳಿಸಿದೆ, ನನ್ನನ್ನು ಉಳಿಸಿಕೊಳ್ಳೋಕೆ ಆಗಲಿಲ್ಲ.'

ಆ ಭಾನುವಾರ ಅಪ್ಪ ಫೋನ್ ಎತ್ತಿದವರೇ 'ಏನ್ ಜಮೀನ್ದಾರ್ರೇ' ಅಂದರು. ಈಗ ಅವರಿಗೆ ಅದೇ ತಮಾಷೆ. ನಾನು ಈ ಹುಡುಗನ ಕಥೆ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ.

'ಆ ತಮ್ಮ ಉಳ್ಕೊಂಡನಾ?' ಅಂದರು.

'ಉಳ್ಕೊಂಡ ಅಪ್ಪಾ' ಅಂದೆ.