ಬೆಟ್ಟದ ಮಣ್ಣಿನ ಜೀವಿಗಳು: ಮಳೆಗಾಲ ಕಳೆದ ಮೇಲಿನ ಲೆಕ್ಕ

ಮಳೆ ಬಿಟ್ಟ ಮೇಲೆ ಮೂರೂ ಜಾಗದ ಮಣ್ಣು ತಂದಾಯಿತು. ಒಂದು, ಮತ್ತಿ, ನಂದಿ, ಜಂಬೆ ಮರಗಳಿರುವ, ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನಬೆಟ್ಟ. ಇನ್ನೊಂದು, ಅದರ ಪಕ್ಕದಲ್ಲೇ ಬಹಳ ಹಿಂದೆ ಕಾಡು ಕಡಿದು ಅಕೇಶಿಯಾ ಹಾಕಿದ ಗುಡ್ಡ. ಮೂರನೆಯದು, ಹೋದ ಬೇಸಿಗೆಯಲ್ಲಿ ಜೆಸಿಬಿ ಹೊಡೆಸಿ ಅಡಿಕೆ ಸಸಿ ನೆಟ್ಟ ಇಳಿಜಾರು.

ಜೀವಿಗಳನ್ನು ಇಳಿಸಲು ಇಟಲಿಯ ಕೀಟವಿಜ್ಞಾನಿ ಬರ್ಲೀಸ್ 1905ರಲ್ಲಿ ತೋರಿಸಿದ ಆಲಿಕೆಯನ್ನೇ ಬಳಸುತ್ತಿದ್ದೇನೆ. ಆತ ಬಿಸಿನೀರಿನಿಂದ ಕಾಯಿಸುತ್ತಿದ್ದ. ಬಲ್ಬ್ ಸೇರಿಸಿದ್ದು ಆಮೇಲೆ ಸ್ವೀಡನ್ನಿನ ಟುಲ್‌ಗ್ರೆನ್. ಜಾಲರಿಯ ಮೇಲಿನ ಮಣ್ಣು ಮೇಲಿಂದ ಒಣಗುತ್ತ ಬಂದಂತೆ ಹುಳಗಳು ತಂಪು ಹುಡುಕಿ ಕೆಳಗಿಳಿದು ಸ್ಪಿರಿಟ್ ಬಾಟಲಿಗೆ ಬೀಳುತ್ತವೆ. ಎಲ್‌ಇಡಿ ಇದಕ್ಕೆ ಬಾರದು, ಕಾವು ಕೊಡುವ ಹಳೇ ಬಲ್ಬೇ ಬೇಕು. 25 ವಾಟ್ ಸಾಕು. ಬೇಗ ಕಾಯಿಸಿದರೆ ಮೆತ್ತನೆಯ ಮೈಯವು ದಾರಿಯಲ್ಲೇ ಒಣಗಿ ಸಾಯುತ್ತವೆ.

ಲೆನ್ಸ್ ಹಿಡಿದು ನೋಡಿದಾಗ ಸಂಖ್ಯೆಗಿಂತ ಹೆಚ್ಚಾಗಿ ರೂಪವೇ ವ್ಯತ್ಯಾಸ ಹೇಳಿತು. ಬೆಟ್ಟದ ಮಣ್ಣಿನಲ್ಲಿ ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಜೀವಿಗಳು ಎರಡು ಬಗೆಯವಿವೆ: ದರಕಿನ (ಉದುರಿದ ಒಣ ಎಲೆಯ) ಮೇಲೆ ಓಡಾಡುವ, ಬಣ್ಣವೂ ಕಣ್ಣೂ ಇರುವ, ಉದ್ದ ಕವಲುಬಾಲ ಬಡಿದು ಚಿಮ್ಮುವಂಥವು ಒಂದು ಬಗೆ; ಇನ್ನೊಂದು, ಆಳದಲ್ಲಿರುವ, ಬಿಳಿಚಿಕೊಂಡ, ಕಣ್ಣಿಲ್ಲದ, ಬಾಲ ಮೊಂಡಾದವು. ಜೆಸಿಬಿ ಓಡಾಡಿದ ಜಾಗದಲ್ಲಿ ಮೊದಲನೆಯವು ಕೆಲವು ಸಿಕ್ಕವು, ಎರಡನೆಯವು ಕಾಣಲೇ ಇಲ್ಲ. ಇವು ಬಿಲ ತೋಡುವ ಜೀವಿಗಳಲ್ಲ. ಮಣ್ಣಿನಲ್ಲಿ ಮೊದಲೇ ಇರುವ ಸಂದುಗಳಲ್ಲಿ ಬದುಕುತ್ತವೆ. ಯಂತ್ರದ ಭಾರಕ್ಕೆ ಸಂದು ಮುಚ್ಚಿದರೆ ಮನೆಯೇ ಹೋಯಿತು. ಹೆಚ್ಚಿನವು ಚರ್ಮದಿಂದಲೇ ಉಸಿರಾಡುವುದರಿಂದ ನೆರಳು ಹೋಗಿ ನೆಲ ಕಾದರೂ ಉಳಿಯಲಾರವು. ಮೈಗೆ ಗಟ್ಟಿ ಕವಚವಿರುವ ಒರಿಬ್ಯಾಟಿಡ್ ನುಸಿಗಳು ಒಣಹವೆಯನ್ನು ಸ್ವಲ್ಪ ತಡೆಯುತ್ತವೆ. ಆದರೆ ಅವುಗಳ ಸಂತಾನ ನಿಧಾನ, ನಡಿಗೆಯೂ ನಿಧಾನ. ಒಮ್ಮೆ ಅಳಿದರೆ ಮರಳಿ ತುಂಬಿಕೊಳ್ಳಲು ವರ್ಷಗಟ್ಟಲೆ ಬೇಕು. ಅಕೇಶಿಯಾ ಗುಡ್ಡದಲ್ಲಿ ಎಲೆ ರಾಶಿ ಬಿದ್ದಿದೆ, ಒರಟಾದ ಆ ಎಲೆ ಸುಲಭಕ್ಕೆ ಕೊಳೆಯುವುದಿಲ್ಲ. ಅಲ್ಲಿ ಚೋರಟೆ (ಸಹಸ್ರಪದಿ) ತೀರ ಕಡಿಮೆ.

ಎರೆಹುಳಕ್ಕೆ ಆಲಿಕೆ ನಡೆಯದು. 25 ಸೆಂ.ಮೀ. ಚೌಕ, 30 ಸೆಂ.ಮೀ. ಆಳದ ಮಣ್ಣು ತೆಗೆದು ಕೈಯಲ್ಲೇ ಆರಿಸಿದೆ. ತೋಟದ ಯಜಮಾನರು, "ಎರೆಹುಳ ಇದ್ದಲೋ, ಮಣ್ಣಿಗೆ ಎಂತ ಆಯ್ದು?" ಅಂದರು. ಹುಳ ಇರುವುದು ನಿಜ. ಆದರೆ ಆ ಇಳಿಜಾರಿನಲ್ಲಿ ಸಿಕ್ಕಿದ್ದು ಹೆಚ್ಚುಕಡಿಮೆ ಒಂದೇ ಜಾತಿ. ಬಾಲದ ತುದಿ ಮುಟ್ಟಿದರೆ ಒರಟು: ದಕ್ಷಿಣ ಅಮೆರಿಕ ಮೂಲದ ಪಾಂಟೊಸ್ಕೊಲೆಕ್ಸ್. ಜೋಡಿಯಿಲ್ಲದೆಯೂ ಮರಿ ಮಾಡುವ ಇದು ಕಾಡು ಕಡಿದಲ್ಲೆಲ್ಲ ಬೇಗ ತಳವೂರುತ್ತದೆ. ನಮ್ಮ ನೆಲದ ದ್ರಾವಿಡಾ ಕುಲದವು ಬೆಟ್ಟದ ಗುಂಡಿಯಲ್ಲಷ್ಟೇ ಸಿಕ್ಕವು. ಎರೆಹುಳ ಎಷ್ಟಿವೆ ಅಂತ ಎಣಿಸಿ ಮಣ್ಣು ಸರಿಯಿದೆ ಎನ್ನುವವರು ಇದನ್ನು ನೋಡಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಬೆಟ್ಟದ ದರಕನ್ನು ಇಳಿಜಾರಿನ ಅರ್ಧ ಭಾಗಕ್ಕೆ ಹೊದೆಸಲು ಯಜಮಾನರು ಒಪ್ಪಿದ್ದಾರೆ. ಉಳಿದರ್ಧ ಹಾಗೇ ಬಿಡುತ್ತೇವೆ. ಹೊದಿಕೆಯ ಅಡಿ ನೆಲ ಎಷ್ಟು ತಂಪಿರುತ್ತದೆ ಎಂದು ಮಾರ್ಚ್‌ವರೆಗೆ ಥರ್ಮಾಮೀಟರ್ ಇಟ್ಟು ಬರೆದಿಡುವುದು, ಮುಂದಿನ ಮಳೆಗಾಲ ಮುಗಿದ ಮೇಲೆ ಎರಡೂ ಕಡೆಯ ಮಣ್ಣನ್ನು ಆಲಿಕೆಗೆ ಹಾಕುವುದು. ಆ ಬಿಳಿ, ಕಣ್ಣಿಲ್ಲದವುಗಳನ್ನೇ ಮೊದಲು ಹುಡುಕುತ್ತೇನೆ.