‘ಅವ್ರ ಮನೇಲಿ ಹಿಂಗೆಲ್ಲ ಕೂಗಾಡೂದಿಲ್ಲ’

ಅಡಿಕೆಯ ಕೊನೆಕೊಯ್ಲು ಶುರುವಾಯಿತೆಂದರೆ ಶಿರಸಿ ಸೀಮೆಯ ತೋಟದ ಮನೆಗಳಲ್ಲಿ ಹದಿಹರೆಯದವರ ಬಾಯಲ್ಲಿ ಈ ಮಾತು ಜಾಸ್ತಿ. ಕೂಗಾಟವೇನು ಸುಳ್ಳಲ್ಲ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ನಾಳೆ ಬರುತ್ತಾನೋ ಇಲ್ಲವೋ, ಸುಲಿಯುವವರಿಗೆ ಚಹಾ ಆಗಬೇಕು, ಒಲೆ ಮೇಲೆ ಅಡಿಕೆ ಬೇಯುತ್ತಿದೆ. ಅದೇ ಹೊತ್ತಿಗೆ ಪೇಟೆಯ ಗೆಳೆಯನ ಮನೆಯಲ್ಲಿ ಎಲ್ಲರೂ ಟೀವಿ ಮುಂದೆ. ಕಾರವಾರದಲ್ಲಿ ಹಂಗಾಮು ಬೇರೆ: ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಯ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಅಪ್ಪ ಮನೆಯಲ್ಲೇ, ಕೈ ಖಾಲಿ. ಆಗ ಕ್ವಾರ್ಟರ್ಸ್‌ನ ಗೆಳತಿಯ ಮನೆಯೇ ಸ್ವರ್ಗ.

ಕೃತಘ್ನತೆ ಅಂದುಕೊಂಡರೆ ಮಾತು ಅಲ್ಲಿಗೇ ನಿಂತಿತು. ಮನಶ್ಶಾಸ್ತ್ರಜ್ಞರಾದ ಸ್ಟೈನ್‌ಬರ್ಗ್ ಮತ್ತು ಸಿಲ್ವರ್‌ಬರ್ಗ್ 1986ರಲ್ಲಿ ಹದಿಹರೆಯದ ಭಾವನಾತ್ಮಕ ಸ್ವಾತಂತ್ರ್ಯವನ್ನು ಅಳೆಯಲು ಇಟ್ಟುಕೊಂಡ ನಾಲ್ಕು ಅಂಶಗಳಲ್ಲಿ, ಅಪ್ಪ-ಅಮ್ಮನನ್ನು ಅಟ್ಟದಿಂದ ಕೆಳಗಿಳಿಸಿ ನೋಡುವುದೂ ಒಂದು.

‘ಅಲ್ಲೇನಿದೆ ಅಷ್ಟು?’ ಎಂದು ಕೇಳಬೇಡಿ, ಜಗಳವಾಗುತ್ತದೆ. ‘ನಿನ್ನೆ ಆರರಿಂದ ಎಂಟರ ತನಕ ಏನೇನು ಮಾಡಿದ್ರಿ?’ ಎನ್ನಿ. ಎದುರು ಕೂರಿಸಿಕೊಂಡಲ್ಲ; ಅಡಿಕೆ ಸುಲಿಯುವಾಗಲೋ ಸ್ಕೂಟರ್ ಮೇಲೋ. ಉತ್ತರದಲ್ಲಿ ಎರಡೇ ಸಂಗತಿ ಮತ್ತೆ ಮತ್ತೆ ಬರುತ್ತವೆ: ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ, ಊಟಕ್ಕೆ ಕೂತಾಗ ಮಾರ್ಕ್ಸ್ ಕೇಳದ ಅಪ್ಪ. ಕೋಣೆ ಕಟ್ಟಿಸಲಾಗದು, ಊಟದ ಅರ್ಧ ತಾಸು ಮಾರ್ಕ್ಸ್ ಸುದ್ದಿ ಬಿಡಬಹುದು. ರಿಸಲ್ಟ್ ಬಂದ ದಿನವೂ ಬಿಡಬೇಕು, ಎಡವುವುದು ಅಂದೇ.

ಸಂಜೆ ಎರಡು ತಾಸಿಗೆ ಹೋದವನಿಗೆ ಆಸರಿ (ಕುಡಿಯಲು ಏನಾದರೂ) ಸಿಗುತ್ತದೆ, ಆ ಮನೆಯ ಬೆಳಗು ಕಾಣುವುದಿಲ್ಲ. ಗುರುತಿನ ಮನೆಯಾದರೆ ಶಾಲೆಯಿರುವ ವಾರದಲ್ಲೇ ಎರಡು ರಾತ್ರಿ ಉಳಿಯಲಿ. ಒಂದು ಮಾತ್ರ, ಬಂದ ಮೇಲೆ ‘ಗೊತ್ತಾಯ್ತಾ ಈಗ?’ ಅನ್ನಬಾರದು. ಗೆಳೆಯನನ್ನೂ ಕರೆಯಿರಿ, ಅವನಿಗಾಗಿ ಮನೆ ಸಿಂಗರಿಸಬೇಡಿ. ಪೇಟೆ ಹುಡುಗರು ಅಡಿಕೆ ಬೇಯಿಸುವ ಒಲೆ ಬಿಟ್ಟು ಏಳುವುದೇ ಇಲ್ಲ. ನಿಮ್ಮ ಮಗ ಅದನ್ನು ನೋಡಲಿ.

‘ಹಾಗಾದ್ರೆ ಅಲ್ಲೇ ಹೋಗಿರು’ ಎಂಬ ಮಾತು ಮಾತ್ರ ಬೇಡವೇ ಬೇಡ. ಕೆಲವರು ನಿಜವಾಗಿಯೂ ಹೊರಡುತ್ತಾರೆ. ಆ ಮನೆಯವರಿಗೆ ಫೋನ್ ಮಾಡಿ ನಗುತ್ತಾ ದೂರುವುದೂ ಅಷ್ಟೇ ಕೆಟ್ಟದ್ದು. ಮರುದಿನದಿಂದ ಮಗು ನಿಮಗೆ ಏನೂ ಹೇಳುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಬರೀ ಹೋಲಿಕೆಯಾಗಿದ್ದರೆ. ಮನೆಯಲ್ಲಿ ಒಬ್ಬರು ಬಂದಾಗ ಮಾತ್ರ ಮಗು ಜಾಗ ಖಾಲಿ ಮಾಡಿದರೆ, ಕತ್ತಲಾದರೂ ಮರಳಲು ಹೆದರಿದರೆ, ಅಥವಾ ಆ ಮನೆಯ ದೊಡ್ಡವರೊಬ್ಬರು ಗುಟ್ಟಾಗಿ ದುಡ್ಡು, ಮೊಬೈಲ್ ಕೊಡುತ್ತಿದ್ದರೆ ಕಾಯಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಉಚಿತ, ಮಗುವೇ ಮಾಡಬಹುದು, ಪಕ್ಕದ ಮನೆಯವರೂ ಮಾಡಬಹುದು.